ಕಂಕುಳಿಗೆ ನಿಲ್ಲುವ ಕೋಲು

"ಬೆಳೆಯೋ ಮಕ್ಕಳು, ಒಂದು ಸೈಜು ದೊಡ್ಡದೇ ಇರಲಿ." ಈ ಮಾತು ಕೇಳದೆ ದೊಡ್ಡವರಾದವರು ನಮ್ಮ ತುಮಕೂರು ಸೀಮೆಯಲ್ಲಿ ಸಿಗುವುದು ಕಷ್ಟ. ಮೇ ತಿಂಗಳ ಕೊನೆಗೆ ಮಂಡಿಪೇಟೆಯಲ್ಲಿ ಯೂನಿಫಾರಂ ಬಟ್ಟೆ ತೆಗೆದುಕೊಂಡು ದರ್ಜಿಯ ಮುಂದೆ ನಿಂತರೆ, ಆತ ಟೇಪು ಹಿಡಿಯುವ ಮೊದಲೇ ಅಮ್ಮನ ಬಾಯಿಂದ ಬರುತ್ತದೆ: "ಕೆಳಗೆ ಎರಡಂಗುಲ ಮಡಚಿ ಹೊಲೀರಿ." ಮರುವರ್ಷ ಆ ಮಡಿಕೆ ಬಿಚ್ಚಿದಾಗ ಹಳೆಯ ಅಂಚಿನ ಗೆರೆ ಎದ್ದು ಕಾಣುತ್ತದೆ. ಕಾಣಲಿ, ಪ್ಯಾಂಟು ಇನ್ನೊಂದು ವರ್ಷ ಬಂತಲ್ಲ! ಶೂ ದೊಡ್ಡದಾದರೆ ಮುಂದೆ ಹತ್ತಿ ತುರುಕುತ್ತೇವೆ. ಸೈಕಲ್ ದೊಡ್ಡದಾದರೆ ಸೀಟು ಇಳಿಸುತ್ತೇವೆ. ಅದೂ ಸಾಲದಿದ್ದರೆ ಬಾರಿನ ಕೆಳಗೆ ಕಾಲು ತೂರಿಸಿ ತುಳಿ ಅನ್ನುತ್ತೇವೆ. ನಮ್ಮ ಕಾಲದವರೆಲ್ಲ ಹಾಗೇ ಕಲಿತದ್ದು.

ವರ್ಷಗಟ್ಟಲೆ ಬ್ಯಾಂಕಿನ ಕೌಂಟರಿನಲ್ಲಿ ಕೂತು ಬೇರೆಯವರ ದುಡ್ಡು ಎಣಿಸಿದ ನಾನು ಈ ಲೆಕ್ಕವನ್ನು ತಪ್ಪು ಎನ್ನುವವನಲ್ಲ. ಒಂದು ಸಂಬಳದಲ್ಲಿ ಮೂರು ಮಕ್ಕಳನ್ನು ಓದಿಸಿದ ಮನೆಗಳೆಲ್ಲ ಈ ಲೆಕ್ಕದ ಮೇಲೆಯೇ ನಿಂತವು. ಆದರೆ ಮಡಚಲು, ತುರುಕಲು, ಇಳಿಸಲು ಬಾರದ ಕೆಲವು ಸಾಮಾನುಗಳಿವೆ. ಈ ವಾರ ಅಂಥ ಒಂದರ ಮಾತು: ಹಿಮದ ಮೇಲೆ ಸ್ಕೀ ಕಲಿಯುವ ಮಕ್ಕಳ ಕೈಗೆ ಕೊಡುವ ಕೋಲು. ತುಮಕೂರಿನ ಬಿಸಿಲಿನಲ್ಲಿ ಕೂತು ಹಿಮದ ಮಾತೇ ಎಂದು ನಗಬೇಡಿ. ನಿಮ್ಮ ಬೀದಿಯಲ್ಲಿ ಎಷ್ಟು ಮನೆಗಳ ಮಕ್ಕಳು ಕೆನಡಾ, ಸ್ವೀಡನ್, ಮಿನೆಸೋಟ ಎಂದು ಹೋಗಿ ಕೂತಿದ್ದಾರೆ, ಒಮ್ಮೆ ಎಣಿಸಿ ನೋಡಿ.

ನನ್ನ ಮಗಳ ಸಂಸಾರ ನಾರ್ವೆಯ ಆಸ್ಲೋ ನಗರದಲ್ಲಿದೆ. ಅಲ್ಲಿ ಚಳಿಗಾಲ ಬಂತೆಂದರೆ ಜನ ಮೆಟ್ರೋ ರೈಲಿಗೆ ಕೊಡೆ ಹಿಡಿದು ಬಂದಷ್ಟೇ ಸಹಜವಾಗಿ ಸ್ಕೀ ಹಿಡಿದು ಬರುತ್ತಾರೆ. ಒಂದನೇ ನಂಬರಿನ ರೈಲು ಗುಡ್ಡ ಹತ್ತಿ ಫ್ರೊಗ್ನೆರ್‌ಸೆಟೆರೆನ್ ಎಂಬ ಕೊನೆಯ ನಿಲ್ದಾಣಕ್ಕೆ ಬಿಡುತ್ತದೆ. ಇಳಿದರೆ ಕಾಡು. ಕಾಡಿನೊಳಗೆ ಹಿಮವನ್ನು ಯಂತ್ರದಿಂದ ಹದ ಮಾಡಿ, ಎತ್ತಿನ ಗಾಡಿಯ ಜಾಡಿನಂತೆ ಎರಡು ಗೆರೆ ಕೊರೆದ ಹಾದಿ. ಅದರಲ್ಲಿ ಅಜ್ಜ ಅಜ್ಜಿಯರಿಂದ ಹಿಡಿದು ನಾಲ್ಕು ವರ್ಷದ ಪೋರರವರೆಗೆ ಎಲ್ಲರೂ ಹೋಗುತ್ತಿರುತ್ತಾರೆ.

ಮಕ್ಕಳೇ, ಸ್ಕೀ ಎಂದರೆ ಬೆಟ್ಟದ ತಲೆಯಿಂದ ಜರ್ರೆಂದು ಜಾರುವುದೇ ಎಂದು ನೀವು ಸಿನಿಮಾ ನೋಡಿ ಅಂದುಕೊಂಡಿರಬಹುದು. ಅದು ಒಂದು ಬಗೆ. ನಾನು ಹೇಳುತ್ತಿರುವುದು ಕ್ರಾಸ್-ಕಂಟ್ರಿ ಸ್ಕೀ. ಇದರಲ್ಲಿ ಸಮತಟ್ಟು, ಏರು, ಇಳುಕಲು ಎಲ್ಲವನ್ನೂ ಸ್ವಂತ ರಟ್ಟೆ ಮತ್ತು ಕಾಲಿನ ಬಲದಿಂದಲೇ ದಾಟಬೇಕು. ಶೂವಿನ ಮುಂಭಾಗ ಮಾತ್ರ ಸ್ಕೀ ಪಟ್ಟಿಗೆ ಕಚ್ಚಿಕೊಂಡಿರುತ್ತದೆ. ಹಿಮ್ಮಡಿ ನಡೆಯುವಾಗ ಎದ್ದಂತೆ ಏಳುತ್ತದೆ. ಬಲಗಾಲು ಮುಂದೆ ಜಾರುವಾಗ ಎಡಗೈ ಕೋಲು ಊರುತ್ತದೆ, ಎಡಗಾಲು ಜಾರುವಾಗ ಬಲಗೈ. ದೋಣಿಯವನಿಗೆ ಹುಟ್ಟು ಇದ್ದಂತೆ ಇವರಿಗೆ ಕೋಲು. ಬೆಟ್ಟದಿಂದ ಜಾರುವವನಿಗೆ ಕೋಲು ತಿರುಗುವಾಗಿನ ಒಂದು ಆಸರೆಯಷ್ಟೆ. ಕ್ರಾಸ್-ಕಂಟ್ರಿಯವನ ಕೈಯಲ್ಲಿ ಅದು ಅರ್ಧ ಎಂಜಿನ್. ಅದಕ್ಕೇ ಅದರ ಅಳತೆ ತಪ್ಪಿದರೆ ಮಗುವಿನ ಆಟವೇ ಕೆಡುತ್ತದೆ.

ಕೆಟ್ಟದ್ದನ್ನು ನಾನು ಮೊಬೈಲ್ ಪರದೆಯಲ್ಲಿ ಕಣ್ಣಾರೆ ಕಂಡೆ. ಮೊಮ್ಮಗಳಿಗೆ ಎಂಟು ವರ್ಷ. ಫೆಬ್ರವರಿಯಲ್ಲಿ ಶಾಲೆಯಿಂದ ಮಕ್ಕಳನ್ನೆಲ್ಲ ಒಂದು ದಿನ ಸ್ಕೀಗೆ ಕರೆದೊಯ್ಯುತ್ತಾರೆ ಎಂದು ಡಿಸೆಂಬರಿನಲ್ಲೇ ಸಾಮಾನು ಕೊಂಡರು. ಅಂಗಡಿಯ ಹುಡುಗ ಮಗುವಿನ ವಯಸ್ಸು ಕೇಳಿದ, ಗೋಡೆಗೆ ಅಂಟಿಸಿದ ಪಟ್ಟಿ ನೋಡಿದ, 110 ಸೆಂಟಿಮೀಟರಿನ ಕೋಲು ತೆಗೆದುಕೊಟ್ಟ. ಮಗುವನ್ನು ಪಕ್ಕಕ್ಕೆ ನಿಲ್ಲಿಸಿ ನೋಡಲಿಲ್ಲ. ನನ್ನ ಮಗಳು ಮಂಡಿಪೇಟೆಯ ಸಂಸ್ಕಾರದವಳು. ಸ್ವಲ್ಪ ಉದ್ದವಾದರೂ ಮುಂದಿನ ವರ್ಷಕ್ಕೂ ಬರುತ್ತದೆ ಎಂದು ಸುಮ್ಮನಾದಳು. ಎರಡು ಭಾನುವಾರ ಹೋಗಿ ಬಂದ ಮಗು ಭುಜ ನೋವು ಅಂತು. ಮೂರನೆಯ ಭಾನುವಾರ ಕೈಗವಸು ಬಚ್ಚಿಟ್ಟಿತು. ಆ ಸಂಜೆ ನನ್ನ ಹತ್ತಿರ ಮಾತಾಡುವಾಗ ಮೆಲ್ಲಗೆ ಹೇಳಿತು: "ತಾತ, ನಾನು ಕುಳ್ಳಿ. ಅದಕ್ಕೇ ನನಗೆ ಬರಲ್ಲ. ಕ್ಲಾಸಲ್ಲಿ ಎಲ್ರೂ ನನಗಿಂತ ಉದ್ದ."

ಅಂಥ ಮಾತು ಎಂಟು ವರ್ಷದ ಮಗುವಿನ ಬಾಯಲ್ಲಿ ಬಂದರೆ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಗುತ್ತದೆ. "ಪುಟ್ಟಿ, ಆ ಕೋಲು ತಗೊಂಡು ಬಾ. ಸ್ಕೀ ಶೂ ಹಾಕ್ಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತ್ಕೋ," ಅಂದೆ. ನಿಂತಳು. ಕೋಲಿನ ತಲೆ ಅವಳ ಮೂಗಿಗೆ ಬಂದಿತ್ತು.

"ಕೋಲು ಉದ್ದ ಕಣವ್ವ. ನೀನು ಸರಿಯಾಗೇ ಇದ್ದೀಯ. ಹೋಗಿ ಅಮ್ಮನ್ನ ಕರಿ, ಟೇಪು ತರೋಕೆ ಹೇಳು," ಅಂದೆ.

ಟೇಪು ಬಂತು. ಬರಿಗಾಲಲ್ಲಿ ಅವಳ ಎತ್ತರ 118 ಸೆಂಟಿಮೀಟರು, ಶೂ ಹಾಕಿದರೆ 120. ಇನ್ನು ಲೆಕ್ಕ ಸುಲಭ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ಫಿಸ್ 2016-17ರ ಋತುವಿನಲ್ಲಿ ಒಂದು ನಿಯಮ ತಂದಿತು. ಜಾಡಿನಲ್ಲಿ ನೇರ ಹೋಗುವ 'ಕ್ಲಾಸಿಕ್' ಶೈಲಿಯ ಸ್ಪರ್ಧೆಯಲ್ಲಿ ಕೋಲಿನ ಉದ್ದ, ಶೂ ಸಮೇತ ಅಳೆದ ಎತ್ತರದ ಶೇ 83ನ್ನು ಮೀರುವಂತಿಲ್ಲ. ಕೋಲನ್ನು ಅಳೆಯುವುದು ಮೊನೆಯಿಂದ ಕೈಪಟ್ಟಿ ಹೊರಡುವ ಜಾಗದವರೆಗೆ. ದೊಡ್ಡ ದೊಡ್ಡ ಕ್ರೀಡಾಪಟುಗಳು ಉದ್ದ ಕೋಲು ಹಿಡಿದು, ಕಾಲನ್ನು ಬಿಟ್ಟು ಬರೀ ರಟ್ಟೆಯಿಂದಲೇ ತಳ್ಳಿಕೊಂಡು ಗೆಲ್ಲತೊಡಗಿದ್ದರಂತೆ. ಹಳೆಯ ನಡಿಗೆ ಶೈಲಿ ಸತ್ತೇ ಹೋದೀತೆಂದು ಹೀಗೆ ಕಡಿವಾಣ ಹಾಕಿದರು. ಮೊಮ್ಮಗಳ ಲೆಕ್ಕ 120 ಗುಣಿಸು 0.83, ಅಂದರೆ 99.6. ಒಲಿಂಪಿಕ್ಸಿಗೆ ಹೋಗುವ ಗಟ್ಟಿ ರಟ್ಟೆಯವರಿಗೇ ಅದು ಮೇಲಿನ ಗೆರೆ. ಮಕ್ಕಳ ಕೋಲು ಸಾಮಾನ್ಯವಾಗಿ ಐದೈದು ಸೆಂಟಿಮೀಟರಿನ ಅಂತರದಲ್ಲಿ ಸಿಗುತ್ತದೆ. ಕಲಿಯುವ ಮಗುವಿಗೆ ಗೆರೆಗಿಂತ ಒಂದು ಮೆಟ್ಟಿಲು ಕೆಳಗೆ ಇಳಿಯಬೇಕು. ಅವಳಿಗೆ ಬೇಕಾದದ್ದು 95. ಕೈಗೆ ಬಂದದ್ದು 110. ಐದೂವರೆ ಅಡಿಯ ನನ್ನಂಥವನಿಗೆ ಲೆಕ್ಕಕ್ಕಿಂತ ಒಂದು ಗೇಣು ಉದ್ದದ ಕೋಲು ಕೊಟ್ಟು ಹತ್ತು ಕಿಲೋಮೀಟರು ತಳ್ಳು ಅಂದ ಹಾಗೆ.

ಉದ್ದವಾದರೆ ಏನಾಗುತ್ತದೆ? ಪ್ರತಿ ಸಲ ಊರುವಾಗಲೂ ಕೈ ಭುಜಕ್ಕಿಂತ ಮೇಲೆ ಏಳಬೇಕು. ಮೊಣಕೈ ಪಕ್ಕಕ್ಕೆ ಚಾಚುತ್ತದೆ, ಮೈ ಹಿಂದಕ್ಕೆ ವಾಲುತ್ತದೆ. ಮೊನೆ ಪಾದದ ಪಕ್ಕ ಬೀಳುವ ಬದಲು ಎಲ್ಲೋ ಮುಂದೆ ಬಿದ್ದು, ಮುಂದೆ ತಳ್ಳಬೇಕಾದ ಕೋಲೇ ತಡೆಯಾಗುತ್ತದೆ. ಅಜ್ಜಿಯ ಒನಕೆ ಹಿಡಿದು ಕುಟ್ಟಲು ಹೋದ ಪುಟ್ಟ ಹುಡುಗಿಯನ್ನು ನೆನೆಸಿಕೊಳ್ಳಿ. ಬಲವೆಲ್ಲ ಒನಕೆ ಎತ್ತುವುದಕ್ಕೇ ಆಯಿತು, ಕುಟ್ಟುವುದಕ್ಕೆ ಉಳಿಯಲಿಲ್ಲ. ಕೋಲು ಒಂದಿಷ್ಟು ಗಿಡ್ಡವಾದರೆ ಅಷ್ಟು ತೊಂದರೆಯಿಲ್ಲ. ತಳ್ಳು ಸ್ವಲ್ಪ ಚಿಕ್ಕದಾಗುತ್ತದೆ ಅಷ್ಟೆ, ಮಗು ಕಲಿಯುತ್ತದೆ. ಎರಡು ಅಳತೆಯ ನಡುವೆ ಅನುಮಾನ ಬಂದರೆ ಮಕ್ಕಳಿಗೆ ಚಿಕ್ಕದನ್ನೇ ಕೊಡಿ.

ಅಂಗಡಿಯ ವಯಸ್ಸಿನ ಪಟ್ಟಿ ಸುಳ್ಳಲ್ಲ. ಆದರೆ ಅದು ಆ ಊರಿನ ಮಕ್ಕಳ ಮೈಕಟ್ಟಿಗೆ ಬರೆದದ್ದು. 110ರ ಕೋಲು 130 ಸೆಂಟಿಮೀಟರ್ ಇರುವ ಮಗುವಿಗೆ ಸರಿಹೋಗುತ್ತದೆ. ನಮ್ಮ ಕಡೆಯ ಮಕ್ಕಳಲ್ಲಿ ಎಂಟು ವರ್ಷಕ್ಕೆ ಅಷ್ಟು ಎತ್ತರ ಎಲ್ಲರೂ ಇರುವುದಿಲ್ಲ. ಅಲ್ಲಿನ ಮಕ್ಕಳಲ್ಲೂ ಎಲ್ಲರೂ ಒಂದೇ ಅಚ್ಚಿನವರಲ್ಲ. ಕೋಲಿಗೆ ಹುಟ್ಟಿದ ತಾರೀಖು ಬೇಕಾಗಿಲ್ಲ, ಎತ್ತರ ಬೇಕು. ಕೋಲಿನ ಮೇಲೆ ಮುದ್ರಿಸಿದ ಅಂಕಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ಕೆಲವು ಕಂಪನಿಗಳು ಹಿಡಿಯ ತಲೆಯವರೆಗೆ ಅಳೆಯುತ್ತವೆ, ಕೆಲವು ಕೈಪಟ್ಟಿಯ ಜಾಗದವರೆಗೆ. ಎರಡರ ನಡುವೆ ಮೂರು ನಾಲ್ಕು ಸೆಂಟಿಮೀಟರು ವ್ಯತ್ಯಾಸ ಬರಬಹುದು, ಸಣ್ಣ ಮಗುವಿಗೆ ಅದೇ ಹೆಚ್ಚು.

ಟೇಪು ಇಲ್ಲದಿದ್ದರೆ ಮೈಯೇ ಟೇಪು. ಮಕ್ಕಳೇ, ಎದ್ದು ನಿಂತು ನೀವೇ ಮಾಡಿ ನೋಡಿ. ತಾತನ ಊರುಗೋಲಿನ ಹಿಡಿ, ಕೈ ಇಳಿಬಿಟ್ಟು ನಿಂತಾಗ ಮಣಿಕಟ್ಟಿನ ಗೆರೆಗೆ ಬರಬೇಕು. ಬೆಟ್ಟದಿಂದ ಜಾರುವ ಸ್ಕೀಯ ಕೋಲು ಹಿಡಿದರೆ ಮೊಣಕೈ ಕಾಟುಕೋನದಂತೆ ನೇರ ಮಡಚಬೇಕು. ಕ್ರಾಸ್-ಕಂಟ್ರಿ ಕ್ಲಾಸಿಕ್ ಕೋಲು ಕಂಕುಳಿಗೆ ಬಂದು, ಭುಜದ ತುದಿ ದಾಟದೆ ನಿಲ್ಲಬೇಕು. ಮಕ್ಕಳಿಗೆ ಕಂಕುಳ ಹತ್ತಿರವೇ ಇರಲಿ. ಇನ್ನೊಂದು ಶೈಲಿಯಿದೆ. ಐಸ್ ಮೇಲೆ ಸ್ಕೇಟ್ ಮಾಡಿದಂತೆ ಕಾಲನ್ನು ಓರೆಯಾಗಿ ತಳ್ಳುವುದು. ಅದಕ್ಕೆ ಕೋಲು ಗಲ್ಲಕ್ಕೂ ತುಟಿಗೂ ನಡುವೆ, ಎತ್ತರದ ಸುಮಾರು ಶೇ 90. ಮೊಮ್ಮಗಳ 110 ಅದಕ್ಕೂ ಮೇಲಾಯಿತು! ಹೀಗೆ ಮಣಿಕಟ್ಟು, ಮೊಣಕೈ, ಕಂಕುಳು, ತುಟಿ ಎಂದು ನಾಲ್ಕು ಕೋಲು ನಾಲ್ಕು ಜಾಗದಲ್ಲಿ ನಿಲ್ಲುತ್ತವೆ.

ಕಂಕುಳ ಅಳತೆ ನನಗೆ ಹೊಸದಲ್ಲ. ನಾನು ಕುಣಿಗಲ್ ಶಾಖೆಯಲ್ಲಿದ್ದಾಗ ಅಲ್ಲಿನ ಕುದುರೆ ಫಾರಂನ ಕೆಲಸಗಾರರೊಬ್ಬರು ಸಂಬಳದ ದಿನ ಬಂದು ಕೌಂಟರಿಗೆ ಒರಗಿ ಮಾತಾಡುತ್ತಿದ್ದರು. ಟಿಪ್ಪುವಿನ ಕಾಲದಿಂದ ಕುದುರೆಗೆ ಹೆಸರಾದ ಜಾಗ ಅದು. ಸವಾರ ಹತ್ತುವ ಮೊದಲೇ ರಿಕಾಪಿನ ಉದ್ದ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ ಎಂದು ಅವರು ತೋರಿಸಿದ್ದರು. ಜೀನಿನಲ್ಲಿ ಪಟ್ಟಿ ಸಿಕ್ಕಿಸಿದ ಜಾಗಕ್ಕೆ ಬೆರಳ ತುದಿ ಇಟ್ಟು, ರಿಕಾಪನ್ನು ತೋಳಿನ ಉದ್ದಕ್ಕೂ ಎಳೆದರೆ ಅದು ಕಂಕುಳಿಗೆ ತಾಗಬೇಕು. ಸವಾರ ಆರಡಿಯವನಿರಲಿ, ನಾಲ್ಕೂವರೆ ಅಡಿಯ ಹುಡುಗನಿರಲಿ, ಅಳತೆ ಅವನ ಮೈಯಲ್ಲೇ ಇರುತ್ತದೆ. ಕುದುರೆಯವರ ಈ ಬುದ್ಧಿ ಆ ಅಂಗಡಿಯ ಹುಡುಗನಿಗೆ ಇದ್ದಿದ್ದರೆ ನನ್ನ ಮೊಮ್ಮಗಳ ಮೂರು ಭಾನುವಾರ ಉಳಿಯುತ್ತಿತ್ತು.

ಇನ್ನು ತೀರ ಚಿಕ್ಕವರ ಮಾತು. ಐದಾರು ವರ್ಷದೊಳಗಿನ ಮಗುವಿಗೆ ಯಾವ ಅಳತೆಯ ಕೋಲು ಎಂದರೆ, ಯಾವುದೂ ಬೇಡ. ನಾರ್ವೆಯಲ್ಲೂ ಕೆನಡಾದಲ್ಲೂ ಪುಟಾಣಿಗಳಿಗೆ ಕಲಿಸುವವರು ಮೊದಲು ಬರಿಗೈಯಲ್ಲೇ ಬಿಡುತ್ತಾರೆ. ಕೋಲು ಕೊಟ್ಟರೆ ಮಗು ಅದನ್ನು ಮೂರನೆಯ ಕಾಲು ಮಾಡಿಕೊಂಡು ಅದರ ಮೇಲೆ ಭಾರ ಬಿಡುತ್ತದೆ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೈಭಾರ ಬದಲಿಸುವ ವಿದ್ಯೆ ಪಾದಕ್ಕೆ ಹತ್ತುವುದೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸುತ್ತಿದ್ದರಲ್ಲ, ಬುರುಡೆ ಬಿಚ್ಚಿದ ದಿನವೇ ನಿಜವಾದ ಈಜು ಶುರುವಾಗುತ್ತಿದ್ದುದು. ಮಗು ಎರಡೂ ಕೈ ಬೀಸಿಕೊಂಡು ಒಂದಷ್ಟು ದೂರ ಬೀಳದೆ ಜಾರಿತು, ಬಿದ್ದರೆ ತಾನೇ ಎದ್ದಿತು ಎನ್ನುವ ಮಟ್ಟಕ್ಕೆ ಬಂದ ಮೇಲೆ ಕೋಲು ಕೊಂಡರೆ ಸಾಕು. ದುಡ್ಡೂ ಉಳಿಯಿತು. ಪಕ್ಕದ ಮಗುವಿನ ಕೈಯಲ್ಲಿ ಕೋಲಿದೆ ಎಂದು ಅತ್ತರೆ ಏನು ಮಾಡುವುದು ಅಂತೀರಾ? ಮೊದಲ ಅರ್ಧ ಗಂಟೆ ಬಿಟ್ಟು ಕೊನೆಯ ಹತ್ತು ನಿಮಿಷಕ್ಕೆ ಕೊಡಿ.

ಉದ್ದ ಸರಿಯಾದ ಮೇಲೆ ನೋಡಬೇಕಾದ್ದು ಕೈಪಟ್ಟಿ. ಇದನ್ನು ಬಹಳ ಜನ ಲೆಕ್ಕಕ್ಕೇ ಇಡುವುದಿಲ್ಲ. ಪಟ್ಟಿಯ ಕುಣಿಕೆಯೊಳಗೆ ಕೈಯನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ, ಪಟ್ಟಿಯನ್ನೂ ಹಿಡಿಯನ್ನೂ ಒಟ್ಟಿಗೆ ಹಿಡಿಯಬೇಕು. ಹಾಗೆ ಹಿಡಿದರೆ ತಳ್ಳುವ ಭಾರ ಪಟ್ಟಿಯ ಮೇಲೆ ಬೀಳುತ್ತದೆ; ಕೈ ಹಿಂದೆ ಹೋದಾಗ ಬೆರಳು ಸಡಿಲ ಬಿಟ್ಟರೂ ಕೋಲು ತಾನೇ ಹಿಂಬಾಲಿಸಿ ಬರುತ್ತದೆ. ದೊಡ್ಡವರ ಪಟ್ಟಿಯಲ್ಲಿ ಪುಟ್ಟ ಕೈ ಲೊಳಲೊಳ ಆಡುತ್ತದೆ. ಕೋಲು ಬಿದ್ದೀತೆಂಬ ಭಯಕ್ಕೆ ಮಗು ಇಡೀ ದಿನ ಮುಷ್ಟಿ ಬಿಗಿ ಹಿಡಿದಿರುತ್ತದೆ. ಮುಂಗೈ ನೋಯುತ್ತದೆ, ರಕ್ತ ಸರಿಯಾಗಿ ಓಡದೆ ಬೆರಳು ಮರಗಟ್ಟುತ್ತದೆ. ಅಂಗಡಿಯಲ್ಲಿ ಕೈಗವಸು ಹಾಕಿಸಿಯೇ ಪಟ್ಟಿ ಬಿಗಿದು ನೋಡಿ, ಬರಿಗೈಯಲ್ಲಿ ಅಲ್ಲ. ಹೆಬ್ಬೆರಳಿಗೆ ಬೇರೆ ತೂತಿರುವ, ಅಂಟುಪಟ್ಟಿಯಿಂದ ಬಿಗಿಯುವ ಬಗೆಯೂ ಬಂದಿದೆ. ಅದರಲ್ಲಿ ಎಡಗೈ ಬಲಗೈ ಬೇರೆ ಬೇರೆ. ಮಕ್ಕಳಿಗೆ ಒಳ್ಳೆಯದು, ಮೂಗು ಒರೆಸಲು ಪ್ರತಿ ಸಲ ಬಿಚ್ಚಿ ಹಾಕಲು ಅಮ್ಮನೇ ಬರಬೇಕಾಗುತ್ತದೆ ಅನ್ನುವುದೊಂದು ಬಿಟ್ಟರೆ. ಹಿಡಿಯೂ ಅಷ್ಟೆ, ಮಗುವಿನ ಬೆರಳು ಸುತ್ತಿ ಬರುವಷ್ಟು ತೆಳ್ಳಗಿರಬೇಕು.

ಮೊನೆಯ ಸ್ವಲ್ಪ ಮೇಲೆ ಒಂದು ಬಿಲ್ಲೆ ಇರುತ್ತದೆ, ಕೋಲು ಹಿಮದೊಳಗೆ ಪೂರ್ತಿ ಇಳಿಯದಂತೆ. ಹದ ಮಾಡಿದ ಗಟ್ಟಿ ಹಾದಿಗೆ ಸಣ್ಣ ಅರ್ಧಬಿಲ್ಲೆ ಸಾಕು. ಮನೆಯ ಹಿತ್ತಲಲ್ಲಿ, ಪಾರ್ಕಿನ ಮೆತ್ತನೆ ಹಿಮದಲ್ಲಿ ಆಡುವ ಮಕ್ಕಳಿಗೆ ದೊಡ್ಡ ದುಂಡುಬಿಲ್ಲೆ ಬೇಕು.

ಯಾವುದರಿಂದ ಮಾಡಿದ ಕೋಲು? ಆಸ್ಲೋಗೆ ಹೋಗಿದ್ದಾಗ ಹೋಲ್ಮೆನ್‌ಕೊಲೆನ್ ಗುಡ್ಡದ ಸ್ಕೀ ಮ್ಯೂಸಿಯಂ ನೋಡಿದೆ. 1923ರಲ್ಲಿ ತೆರೆದದ್ದು, ಈ ಬಗೆಯದರಲ್ಲಿ ಜಗತ್ತಿನಲ್ಲೇ ಹಳೆಯದು. ಹಿಂದಿನವರು ಒಂದೇ ಒಂದು ಉದ್ದ ಕೋಲು ಹಿಡಿದು ಹೋಗುತ್ತಿದ್ದರಂತೆ. ಎರಡು ಕೋಲಿನ ರೂಢಿ ಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ. ಆಮೇಲೆ ಎಷ್ಟೋ ವರ್ಷ ಆ ಎರಡು ಕೋಲುಗಳು ಬಿದಿರಿನವು. ಬಿದಿರು ಬೆಳೆಯದ ನಾಡಿನಲ್ಲಿ! ಪೂರ್ವ ದೇಶಗಳಿಂದ ಹಡಗಿನಲ್ಲಿ ತರಿಸುತ್ತಿದ್ದರು. ಆಮೇಲೆ ಅಲ್ಯೂಮಿನಿಯಂ, ಫೈಬರ್ ಗ್ಲಾಸ್, ಈಗ ಕಾರ್ಬನ್ ಫೈಬರ್.

ಕಾರ್ಬನ್ ಅಂದರೆ ಗುಬ್ಬಿಯ ತೋಟದವರಿಗೆ ವಿವರಿಸಬೇಕಿಲ್ಲ. ಐವತ್ತು ಅರವತ್ತಡಿಯ ಮರದ ಅಡಿಕೆ ಗೊನೆಯನ್ನು ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ದೋಟಿ ಬಂದಿದೆಯಲ್ಲ, ಅದೇ ವಸ್ತು. ಹೂವಿನಂತೆ ಹಗುರ, ಉದ್ದಕ್ಕೆ ಬಲ. ಆದರೆ ಪಕ್ಕದಿಂದ ಕಲ್ಲಿಗೋ ಕಬ್ಬಿಣಕ್ಕೋ ಬಡಿದರೆ ಸೀಳುತ್ತದೆ, ಒಮ್ಮೆ ಸೀಳಿದರೆ ಮುಗಿಯಿತು. (ಅಂದಹಾಗೆ, ಕಾರ್ಬನ್‌ನಲ್ಲಿ ಕರೆಂಟ್ ಹರಿಯುತ್ತದೆ, ತೋಟದ ಮೇಲೆ ವಿದ್ಯುತ್ ತಂತಿ ಇರುವ ಕಡೆ ಆ ದೋಟಿ ಎತ್ತಲೇಬೇಡಿ.) ಮಕ್ಕಳು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಕೋಲಿನ ಮೇಲೆಯೇ ಸ್ಕೀ ಹತ್ತಿಸುತ್ತಾರೆ, ಕತ್ತಿವರಸೆಯನ್ನೂ ಆಡುತ್ತಾರೆ. ಅವರಿಗೆ ಅಲ್ಯೂಮಿನಿಯಂ ಇಲ್ಲವೇ ಫೈಬರ್ ಗ್ಲಾಸ್ ಕೋಲೇ ತಕ್ಕದ್ದು. ಬಾಗುತ್ತದೆ, ಆದರೆ ದಿನ ದೂಡುತ್ತದೆ. ದುಬಾರಿ ಕಾರ್ಬನ್ ಸ್ಪರ್ಧೆಗೆ ಹೋಗುವ ವಯಸ್ಸಿಗೆ ಇರಲಿ. ಉದ್ದ ಹೆಚ್ಚುಕಡಿಮೆ ಮಾಡುವ ಕೋಲೂ ಸಿಗುತ್ತದೆ. ನಮ್ಮ ಎರಡಂಗುಲ ಮಡಿಕೆಯ ಬುದ್ಧಿಗೆ ಅದೇ ಹತ್ತಿರ. ತೂಕ ಸ್ವಲ್ಪ ಹೆಚ್ಚು. ಬೀಗ ಗಟ್ಟಿಯಾಗಿ ಕೂರುತ್ತದೆಯೇ ಎಂದು ನಿಮ್ಮ ಮೈಭಾರ ಹಾಕಿ ಒತ್ತಿ ನೋಡಿ ಕೊಳ್ಳಿ.

ಈಗ ಬ್ಯಾಂಕಿನವನ ಲೆಕ್ಕ. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು ಐದಾರು ಸೆಂಟಿಮೀಟರು ಬೆಳೆಯುತ್ತದೆ. ಆರಕ್ಕೆ 0.83 ಹಾಕಿದರೆ ಐದು. ಅಂದರೆ ವರ್ಷಕ್ಕೊಂದು ಸೈಜು. ಸರಿಯಾದ ಕೋಲು ಒಂದು ಚಳಿಗಾಲಕ್ಕೆ ಚೆನ್ನಾಗಿ, ಎರಡನೆಯದಕ್ಕೆ ಹೇಗೋ ನಡೆಯುತ್ತದೆ. ವರ್ಷ ವರ್ಷ ಹೊಸದು ಕೊಳ್ಳಲು ಯಾರಿಗಾದರೂ ಕೈ ಕಚ್ಚುತ್ತದೆ. ಅದಕ್ಕೆ ಆ ದೇಶದವರೇ ದಾರಿ ಮಾಡಿಕೊಂಡಿದ್ದಾರೆ. 'ಬುಆ' ಎಂಬ ಹೆಸರಿನ ಕೇಂದ್ರಗಳು ಊರೂರಲ್ಲಿವೆ. ಗ್ರಂಥಾಲಯದಿಂದ ಪುಸ್ತಕ ತಂದಂತೆ ಸ್ಕೀ, ಶೂ, ಕೋಲು ಎಲ್ಲವನ್ನೂ ಉಚಿತವಾಗಿ ತಂದು ಬಳಸಿ ಹಿಂದಿರುಗಿಸಬಹುದು. ಇದನ್ನು ಮಗಳಿಗೆ ಹೇಳಿದವರು ಪಕ್ಕದ ಮನೆಯ ನಾರ್ವೆಯ ಅಜ್ಜಿ. ಬೇರೆ ದೇಶಗಳಲ್ಲೂ ಚಳಿಗಾಲ ಶುರುವಾಗುವ ಮುನ್ನ ಹಳೆಯ ಸಾಮಾನಿನ ಸಂತೆ ನಡೆಯುತ್ತದೆ, ಕೇಳಿ ನೋಡಿ.

ಆದರೆ ನಮ್ಮ ಮನೆಯಲ್ಲಿ ಕೊಂಡ 110 ಇತ್ತಲ್ಲ, ಅಂಗಡಿಯವನು ಬಳಸಿದ್ದೆಂದು ವಾಪಸು ತೆಗೆದುಕೊಳ್ಳಲಿಲ್ಲ. ಉದ್ದ ಕೋಲನ್ನು ಕತ್ತರಿಸಬಹುದು. ಕೆಳಗೆ ಮೊನೆಯ ಕಡೆ ಮುಟ್ಟಬಾರದು, ಮೇಲಿನಿಂದ ಕತ್ತರಿಸಬೇಕು. ಹೆಚ್ಚಿನ ಕೋಲುಗಳಲ್ಲಿ ಹಿಡಿಯನ್ನು ಬಿಸಿಗೆ ಕರಗುವ ಅಂಟಿನಿಂದ ಕೂರಿಸಿರುತ್ತಾರೆ. ಸ್ಕ್ರೂ, ಮೊಳೆ ಇಲ್ಲವೆಂದು ಮೊದಲು ನೋಡಿಕೊಳ್ಳಬೇಕು. ಅಳಿಯಂದಿರು ಕೆಟಲಿನಲ್ಲಿ ನೀರು ಕುದಿಸಿ ಹಿಡಿಯ ಮೇಲೆ ಸುರಿದರು, ಟವೆಲ್ ಸುತ್ತಿ ತಿರುಚಿ ಎಳೆದರು. ಹಿಡಿ ಕಳಚಿ ಬಂತು. ಗುರುತು ಮಾಡಿದ ಜಾಗಕ್ಕೆ ಟೇಪು ಸುತ್ತಿ ಸಣ್ಣ ಹಲ್ಲಿನ ಆಕ್ಸಾ ಬ್ಲೇಡಿನಲ್ಲಿ ಹದಿನೈದು ಸೆಂಟಿಮೀಟರು ತೆಗೆದು, ಅಂಚು ಉಜ್ಜಿ, ಅಂಟು ಹಾಕಿ ಹಿಡಿ ಕೂರಿಸಿದರು. ಅಲ್ಯೂಮಿನಿಯಂ ಆದ್ದರಿಂದ ಸುಲಭವಾಯಿತು. ಕಾರ್ಬನ್ ಆಗಿದ್ದರೆ ಅದರ ಪುಡಿ ಮೂಗಿಗೆ ಹೋಗದಂತೆ ಮುಖಗವಸು ಬೇಕು. ಕೋಲು ಕೆಳಗೆ ಕೆಳಗೆ ಸಣ್ಣದಾಗುವ ಜಾತಿಯದಾದರೆ, ಕತ್ತರಿಸಿದ ಮೇಲೆ ಹಿಡಿ ಸಡಿಲವಾದೀತು. ಅದನ್ನು ಮೊದಲೇ ಅಳೆದುಕೊಳ್ಳಬೇಕು. ಕತ್ತರಿಸಿದ ಕೋಲು ಮತ್ತೆ ಬೆಳೆಯುವುದಿಲ್ಲ ಎಂದು ಮಗಳಿಗೆ ಒಂದು ಕ್ಷಣ ಸಂಕಟವಾಯಿತು, ನನಗೆ ಕೇಳಿಸಿತು.

ಫೆಬ್ರವರಿಯ ಶಾಲೆಯ ದಿನ ಮೊಮ್ಮಗಳು ಹೋಗಿ ಬಂದಳು. ಎಲ್ಲರಿಗಿಂತ ಮುಂದೆ ಬಂದಳೆಂದೇನೂ ಇಲ್ಲ. ಮಧ್ಯದಲ್ಲೆಲ್ಲೋ ಇದ್ದಳಂತೆ. ದಾರಿಯಲ್ಲಿ ಒಲೆ ಹಾಕಿ ಬೇಯಿಸಿ ಕೊಟ್ಟ ತಿಂಡಿಯ ಬಗ್ಗೆಯೇ ಹೆಚ್ಚು ಹೇಳಿದಳು. ಭುಜದ ಮಾತು ಬರಲಿಲ್ಲ, ಕುಳ್ಳಿಯ ಮಾತೂ ಬರಲಿಲ್ಲ.

ಅವಳಿಗೆ ಹೇಳಲೆಂದು ನಾನು ಎರಡು ಕಥೆ ಹುಡುಕಿಟ್ಟಿದ್ದೆ. ಒಂದು ನಮ್ಮ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರದು. ಹಿಮವೇ ಬೀಳದ ಜಿಲ್ಲೆಯ ಹೆಣ್ಣುಮಗಳು ಗುಲ್ಮಾರ್ಗ್‌ಗೆ ಹೋಗಿ, ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಇದೇ ಕ್ರಾಸ್-ಕಂಟ್ರಿ ಸ್ಕೀಯಲ್ಲಿ ಕರ್ನಾಟಕಕ್ಕೆ ಚಿನ್ನ ತಂದರು. 2025ರಲ್ಲಿ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಕಂಚು ಗೆದ್ದರು. ಹಿಮ ಇಲ್ಲದ ಕಾಲದಲ್ಲಿ ಈ ಆಟದವರು ಗಾಲಿ ಕಟ್ಟಿದ ಗಿಡ್ಡ ಸ್ಕೀ ಹಾಕಿಕೊಂಡು ಡಾಂಬರು ರಸ್ತೆಯ ಮೇಲೆ ಅಭ್ಯಾಸ ಮಾಡುತ್ತಾರೆ, ಕೈಯಲ್ಲಿ ಇದೇ ಕೋಲು, ಮೊನೆ ಮಾತ್ರ ಡಾಂಬರು ತಡೆಯುವಷ್ಟು ಗಟ್ಟಿ.

ಇನ್ನೊಂದು 2006ರ ಟ್ಯೂರಿನ್ ಒಲಿಂಪಿಕ್ಸಿನದು. ಇಬ್ಬಿಬ್ಬರು ಹೆಂಗಸರ ತಂಡಗಳ ಓಟ. ಕೆನಡಾದ ಸಾರಾ ರೆನ್ನರ್ ಅವರ ಒಂದು ಕೋಲು ನಡುದಾರಿಯಲ್ಲಿ ಮುರಿಯಿತು. ಒಂದೇ ಕೋಲಿನಲ್ಲಿ ತಡಬಡಿಸುತ್ತಿದ್ದಾಗ ದಾರಿ ಪಕ್ಕ ನಿಂತಿದ್ದ ಒಬ್ಬರು ತಮ್ಮ ಕೈಯಲ್ಲಿದ್ದ ಕೋಲು ಚಾಚಿದರು. ಸಾರಾ ಹಿಡಿದುಕೊಂಡು ಓಡಿದರು. ಕೊಟ್ಟವರು ಎದುರಾಳಿ ನಾರ್ವೆ ತಂಡದ ಬ್ಯೋರ್ನಾರ್ ಹೋಕೆನ್ಸ್‌ಮೋಯೆನ್! ಕೆನಡಾಕ್ಕೆ ಬೆಳ್ಳಿ ಬಂತು, ನಾರ್ವೆ ನಾಲ್ಕನೆಯದಾಗಿ ಪದಕ ತಪ್ಪಿಸಿಕೊಂಡಿತು. ಕೆನಡಾದ ಜನ ಸುಮ್ಮನಿರದೆ ತಮ್ಮ ನಾಡಿನ ಮೇಪಲ್ ಮರದ ಸಿಹಿಪಾಕವನ್ನು ಟನ್‌ಗಟ್ಟಲೆ ನಾರ್ವೆಗೆ ಕಳಿಸಿದರು. ಕಥೆ ಕೇಳಿದ ಮೊಮ್ಮಗಳು ಬೇರೆಯೇ ಪ್ರಶ್ನೆ ಹಾಕಿದಳು: "ಆ ಕೋಲು ಅವರಿಗೆ ಉದ್ದ ಆಗಲಿಲ್ವಾ ತಾತ?" ಆಗಿತ್ತು. ಗಂಡಸಿನ ಕೋಲು, ಅವರ ಅಳತೆಗಿಂತ ಉದ್ದವೇ. ಒಲಿಂಪಿಕ್ಸಿನ ರಟ್ಟೆಗೆ ಒಂದಷ್ಟು ಹೊತ್ತು ಅದು ನಡೆಯಿತು.

ಬೇಸಿಗೆ ರಜೆಗೂ ಚಳಿಗಾಲಕ್ಕೂ ಮನಾಲಿ, ಗುಲ್ಮಾರ್ಗ್, ಔಲಿಗೆ ಹೋಗುವವರು ನಮ್ಮೂರಿನಿಂದಲೂ ಹೆಚ್ಚುತ್ತಿದ್ದಾರೆ. ಅಲ್ಲಿ ಬಾಡಿಗೆಗೆ ಸಿಗುವುದು ಹೆಚ್ಚಾಗಿ ಬೆಟ್ಟದಿಂದ ಜಾರುವ ಸ್ಕೀ, ಆದ್ದರಿಂದ ಮೊಣಕೈ ಅಳತೆ ನೆನಪಿಡಿ. ಕೋಲನ್ನು ತಲೆಕೆಳಗು ಮಾಡಿ, ಬಿಲ್ಲೆಯ ಕೆಳಗೆ ಮಗುವಿನ ಕೈಯಿಂದ ಹಿಡಿಸಿ. ಮೊಣಕೈ ನೇರ ಮಡಚಿದರೆ ಸರಿ. ಬಾಡಿಗೆಯವನು ರಾಶಿಯಿಂದ ಎರಡು ಎಳೆದು ಕೊಟ್ಟರೆ, ಎರಡೂ ಒಂದೇ ಉದ್ದವಿದೆಯೇ ಎಂದು ಪಕ್ಕಪಕ್ಕ ಹಿಡಿದು ನೋಡಿ. ಜನ ಕಾಯುತ್ತಿದ್ದಾರೆ ಎಂದು ಗದರಿದರೆ ಗದರಲಿ.

ಅಳತೆ ಮಕ್ಕಳಿಗೆ ಮಾತ್ರ ಎಂದೂ ತಿಳಿಯಬೇಡಿ. ಐದಡಿಯ ಹೆಂಗಸರಿಗೂ ಅಂಗಡಿಗಳಲ್ಲಿ ಇದೇ ಗೋಳು. ಮಗಳ ಎತ್ತರ 152, ಶೂ ಸೇರಿ 154 ಇದ್ದೀತು. ಲೆಕ್ಕ ಹಾಕಿದರೆ 127.8, ಅವಳು 125 ಹಿಡಿಯಬೇಕು. ಆಫೀಸಿನ ಗೆಳತಿ ಕೊಟ್ಟದ್ದೆಂದು ಮೂರು ವರ್ಷದಿಂದ 135 ಹಿಡಿದು ತಿರುಗುತ್ತಿದ್ದಾಳೆ, ಬೆನ್ನು ನೋವು ಅನ್ನುತ್ತಾಳೆ. "ನಿನ್ನದನ್ನೂ ಗೋಡೆಗೆ ನಿಂತು ನೋಡವ್ವ," ಅಂದೆ. "ಅಪ್ಪಾಜಿ, ನನಗೆ ಈಗ ಬೆಳೆಯೋ ವಯಸ್ಸಾ, ಬಿಡಿ," ಅಂತ ನಕ್ಕಳು. ಅಳಿಯಂದಿರ ಹತ್ತಿರ ಕೆಟಲ್ ಇದೆ, ಬ್ಲೇಡ್ ಇದೆ. ಶನಿವಾರ ಅಳೆದು ಹೇಳುತ್ತೇನೆ ಅಂದಿದ್ದಾಳೆ.